ಎಂಟು ಗಂಟೆಯ ಬಣ್ಣ

ಆ ಗೋಸುಂಬೆಯ ಬಣ್ಣ ಚೆನ್ನಾಗಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಡುವೆ ಎಲ್ಲೋ ಸೇರಿಸಿದರೆ ನೆಪ ಹೇಳಿದ ಹಾಗಿರುತ್ತದೆ, ಹೇಳದೇ ಬಿಟ್ಟರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅವತ್ತು ಸೋಮವಾರ. ಯಲಹಂಕದ ಹಳೇ ಪೇಟೆಯಲ್ಲಿ ನನ್ನ ಪಶು ಚಿಕಿತ್ಸಾಲಯ. ಎರಡು ಕೋಣೆ, ಹೊರಗೆ ಒಂದು ಬೆಂಚು. ಬೆಂಚಿನ ಸುತ್ತ ಎರಡು ಲ್ಯಾಬ್ರಡಾರ್, ಒಂದು ನಾಟಿ ನಾಯಿ, ಲಸಿಕೆಗೆ ಬಂದ ಬೆಕ್ಕು. ಅವುಗಳ ನಡುವೆ ಒಬ್ಬ ಹಿರಿಯರು ತೊಡೆಯ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು, ಅದಕ್ಕೆ ಬಿಳಿ ಪಂಚೆಯ ತುಂಡು ಹೊದಿಸಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪಕ್ಕದಲ್ಲಿ ಅವರ ಹೆಂಡತಿ. ಲ್ಯಾಬ್ರಡಾರ್ ತಂದಿದ್ದವನು ಬುಟ್ಟಿಯೊಳಗೆ ಇಣುಕಿ ನೋಡಿ, "ಇದು ಯಾವ ಪಾರ್ಟಿ ಸಾರ್?" ಎಂದ. ಬೆಂಚೆಲ್ಲ ನಕ್ಕಿತು. ಹಿರಿಯರು ನಗಲಿಲ್ಲ.

"ಪಾರ್ಟಿನೂ ಇಲ್ಲ, ಏನೂ ಇಲ್ಲ ಕಣ್ರೀ. ಐದು ದಿನದಿಂದ ಊಟ ಬಿಟ್ಟಿದೆ," ಎಂದರು.

ಒಳಗೆ ಕರೆದೆ. ಬಟ್ಟೆ ಸರಿಸಿ ಮೇಜಿನ ದೀಪವನ್ನು ಹತ್ತಿರ ಎಳೆದುಕೊಂಡೆ. ಗಾಢ ಹಸಿರು ಮೈ, ಅದರ ಮೇಲೆ ನಿಂಬೆಹಣ್ಣಿನ ಹಳದಿ ಚುಕ್ಕೆಗಳು, ಪಕ್ಕೆಯುದ್ದಕ್ಕೂ ಆಕಾಶನೀಲಿ ಚುಕ್ಕೆಗಳು. ನೆತ್ತಿಯ ಮೇಲೆ ಕಿರೀಟದ ಹಾಗೆ ಎತ್ತರದ ಏಣು. ನಮ್ಮ ಬೇಲಿಗಳಲ್ಲಿ ಸಿಗುವ ಗೋಸುಂಬೆ ಇದಲ್ಲ ಎಂಬುದು ಆ ಏಣಿನಿಂದಲೇ ಗೊತ್ತಾಯಿತು. ನಮ್ಮದಾಗಿದ್ದರೆ ಮುಟ್ಟುವ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಬೇಕಿತ್ತು, ಅದನ್ನು ಮನೆಯಲ್ಲಿ ಸಾಕುವಂತಿಲ್ಲ. ಇದು ಯೆಮೆನ್ ಕಡೆಯ ಜಾತಿ. ಇಂಥ ಪರದೇಶದ ಪ್ರಾಣಿ ಸಾಕುವ ಹುಚ್ಚು ನಮ್ಮ ಕಡೆ ಆಗಷ್ಟೇ ಏರುತ್ತಿತ್ತು. ಈ ಹಿರಿಯರಿಗೆ ಆ ಹುಚ್ಚು ಇರಲಿಲ್ಲ. ಪಕ್ಕದ ಮನೆಯ ಬಾಡಿಗೆದಾರನೊಬ್ಬ ಮನೆ ಬದಲಿಸುವಾಗ, ಹೊಸ ಮನೆಯ ಓನರ್ ಪ್ರಾಣಿ ಬೇಡ ಎಂದರೆಂದು, ಒಂದು ತಿಂಗಳ ಮಟ್ಟಿಗೆ ಎಂದು ಹೇಳಿ ಗಾಜಿನ ತೊಟ್ಟಿಯ ಸಮೇತ ಇವರ ಕೈಗಿಟ್ಟು ಹೋಗಿದ್ದ. ಅದಾಗಿ ನಾಲ್ಕು ತಿಂಗಳಾಗಿತ್ತು. ಈಗ ಅವನೇ ಬಂದು ಕೇಳಿದರೂ ಕೊಡುವವರಂತೆ ಇವರು ಕಾಣಲಿಲ್ಲ.

"ಎದ್ದ ತಕ್ಷಣ ಸಾಹೇಬ್ರಿಗೆ ಗುಡ್ ಮಾರ್ನಿಂಗು ಡಾಕ್ಟ್ರಮ್ಮ. ನನ್ ಮುಖ ನೋಡೋದು ಆಮೇಲೆ, ಕಾಫಿ ಕೇಳೋಕೆ," ಎಂದರು ಹೆಂಡತಿ. ಸಾಹೇಬರು ಎಂದರೆ ಗೋಸುಂಬೆ. ಹೆಸರಿಟ್ಟವರು ಅವರೇ. ಅದು ಒಂದು ಕಣ್ಣು ಇತ್ತ, ಒಂದು ಕಣ್ಣು ಅತ್ತ ತಿರುಗಿಸುವುದನ್ನು ನೋಡಿದರೆ ಗಂಡನ ಹಳೇ ಮೇಲಧಿಕಾರಿಯ ನೆನಪಾಗುತ್ತದಂತೆ.

ಹಿರಿಯರು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಇನ್‌ಸ್ಪೆಕ್ಟರ್ ಆಗಿದ್ದವರು, ಹಿಂದಿನ ವರ್ಷ ನಿವೃತ್ತರಾಗಿದ್ದರು. ಬಣ್ಣ ಹೊಡೆದ ತಗಡನ್ನು ಶೇಡ್ ಕಾರ್ಡಿನ ಪಕ್ಕ ಹಿಡಿದು, ಹೊಂದಿತೋ ಇಲ್ಲವೋ ಎಂದು ಹೇಳುವುದೇ ಅವರ ಜೀವಮಾನದ ಕೆಲಸ. ಅವರು ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ದಿನಕ್ಕೊಂದು ಸಾಲು. ಸಮಯ ಎಂಟು ಗಂಟೆ. ಮೈಯ ಬಣ್ಣ, ಚುಕ್ಕೆಯ ಬಣ್ಣ, ಬಾಲದ ಬಣ್ಣ, ಪ್ರತಿಯೊಂದಕ್ಕೂ ಶೇಡ್ ಕಾರ್ಡಿನ ಹೆಸರು. ಕೊನೆಯ ಕಾಲಂ, ಮನಸ್ಥಿತಿ. ಇತ್ತೀಚಿನ ಹಾಳೆಗಳ ತುಂಬ ಕ್ಯಾನರಿ ಯೆಲ್ಲೋ, ಸ್ಕೈ ಬ್ಲೂ, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ 'ತುಂಬ ಖುಷಿ'.

"ಬಣ್ಣ ನೋಡಿದ್ರೆ ಫಸ್ಟ್ ಕ್ಲಾಸ್ ಇದೆ ಮೇಡಂ. ಊಟ ಮಾತ್ರ ಯಾಕೆ ಬಿಡ್ತು ಅಂತ ಅರ್ಥ ಆಗ್ತಿಲ್ಲ," ಎಂದರು.

ನನಗೂ ಅರ್ಥವಾಗಲಿಲ್ಲ. ಆದರೆ ಅರ್ಥವಾದವಳಂತೆ ಕೆಲಸ ಶುರುಮಾಡಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿದೆ. ಬೆರಳು ಕೊಟ್ಟು ಹಿಡಿತ ನೋಡಿದೆ, ಗಟ್ಟಿಯಾಗಿತ್ತು. ಹಳೇ ಪ್ಲಾಸ್ಟಿಕ್ ಕಾರ್ಡು ತೂರಿಸಿ ಬಾಯಿ ತೆರೆಸಿದೆ, ಹುಣ್ಣಿಲ್ಲ, ಲೋಳೆಯಿಲ್ಲ. ಕಣ್ಣಗುಡ್ಡೆ ಒಳಗೆ ಹೋಗಿದ್ದರೆ ನೀರು ಸಾಲದು ಎಂದರ್ಥ; ಇನ್ನೂ ಹೋಗಿರಲಿಲ್ಲ. ಹೊಟ್ಟೆ ತುಂಬಿಕೊಂಡಿತ್ತು. ತುಂಬಿದ ಹೊಟ್ಟೆ ನೋಡಿ ಸೊರಗಿಲ್ಲ ಎಂದುಕೊಂಡೆ. ಅದನ್ನು ಬೆರಳಿನಿಂದ ಒತ್ತಿ ನೋಡುವ ಬುದ್ಧಿ ಬರಲಿಲ್ಲ. ಹೊರಗೆ ಲ್ಯಾಬ್ರಡಾರ್ ಬೊಗಳುತ್ತಿತ್ತು.

ಆಮೇಲೆ ಸಾಕುವ ರೀತಿ ವಿಚಾರಿಸಿದೆ. ಊಟಕ್ಕೆ ರೇಷ್ಮೆ ಹುಳು. ಹೆಂಡತಿಯ ತಮ್ಮ ದೇವನಹಳ್ಳಿಯ ಆಚೆ ರೇಷ್ಮೆ ಬೆಳೆಯುತ್ತಾರೆ, ವಾರಕ್ಕೊಮ್ಮೆ ಡಬ್ಬಿಯಲ್ಲಿ ಬರುತ್ತದೆ. ಊಟ ಸರಿಯಾಗಿಯೇ ಇತ್ತು. ಉಳಿದದ್ದೆಲ್ಲ ತಪ್ಪು. ಗಾಜಿನ ತೊಟ್ಟಿಯಲ್ಲಿ ಗಾಳಿ ಆಡುವುದಿಲ್ಲ. ಬಟ್ಟಲಲ್ಲಿ ನಿಂತ ನೀರು ಗೋಸುಂಬೆಯ ಗಮನಕ್ಕೇ ಬರುವುದಿಲ್ಲ, ಅದು ಎಲೆಯ ಮೇಲಿನ ಹನಿ ನೆಕ್ಕುವ ಪ್ರಾಣಿ. ಮೂಳೆ ಗಟ್ಟಿಯಾಗಲು ಬೇಕಾದ ಬೆಳಕು ಮಾಮೂಲಿ ಬಲ್ಬಿನಲ್ಲಿ ಇರುವುದಿಲ್ಲ. ಜಾಲರಿಯ ಗೂಡು ಮಾಡಿಸಿ, ದಾಸವಾಳದ ಕುಂಡ ಇಡಿ, ಅಲ್ಟ್ರಾವಯಲೆಟ್ ಟ್ಯೂಬು ಹಾಕಿಸಿ, ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ ಎಂದೆ. ಖಾಲಿ ಸಲೈನ್ ಬಾಟಲು, ಅದರ ಟ್ಯೂಬು ಕೊಟ್ಟು, ಗೂಡಿನ ಮೇಲೆ ನೇತುಹಾಕಿ ಹನಿ ಬೀಳುವಂತೆ ಮಾಡಲು ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ನನ್ನ ಚೀಟಿಯ ಕೊನೆಯ ಸಾಲು: ಬಣ್ಣ ಚೆನ್ನಾಗಿದೆ, ಒಂದು ವಾರ ಬಿಟ್ಟು ತೋರಿಸಿ.

ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಗೋಸುಂಬೆಯ ಸಂಕಟ ಬೇರೆಯೇ ಇತ್ತು.

ಒಂಬತ್ತು ದಿನ ಕಳೆದು, ಬುಧವಾರ, ಅದೇ ಬುಟ್ಟಿ ಬಂತು. ಈ ಸಲ ಹಿರಿಯರು ಬೆಂಚಿನ ಮೇಲೆ ಕೂರದೆ ನೇರವಾಗಿ ಒಳಗೆ ಬಂದರು. ಗೋಸುಂಬೆ ಬುಟ್ಟಿಯ ತಳದಲ್ಲಿ ಮಲಗಿತ್ತು. ಕಣ್ಣು ಒಳಗೆ ಹೋಗಿತ್ತು. ಬೆರಳು ಕೊಟ್ಟರೆ ಹಿಡಿಯಿತು, ಆದರೆ ಸಡಿಲವಾಗಿ. ಬಣ್ಣ ಮಾತ್ರ ಮೊದಲಿಗಿಂತ ಜೋರು. ಮೈ ಕಪ್ಪಿಗೆ ತಿರುಗಿ ಅದರ ಮೇಲೆ ಹಳದಿ ನೀಲಿ ಕಣ್ಣಿಗೆ ಹೊಡೆಯುತ್ತಿತ್ತು.

"ಎಲ್ಲ ಮಾಡಿದೀವಿ ಮೇಡಂ. ಗೂಡು ಎರಡೇ ದಿನದಲ್ಲಿ ರೆಡಿ ಆಯ್ತು," ಎಂದರು ಹಿರಿಯರು.

"ಇವ್ರು ಮಾಡಿದ್ದು ನಿಜ. ಸಾಹೇಬ್ರಿಗೇ ಸಮಾಧಾನ ಇಲ್ಲ," ಎಂದರು ಹೆಂಡತಿ. ಅವರು ಹುಣಸಮಾರನಹಳ್ಳಿಯ ಹಳೇ ಮನೆತನದವರು, ಮಾತಿನಲ್ಲಿ ಊರಿನ ಜಾಡು ಹಾಗೆಯೇ ಇತ್ತು. "ಮೊದ್ಲು ಗಾಜಿನ ಮೂಲೇಲಿ ಇಂಗೆ ಇಂಗೆ ಕೆರೀತಿತ್ತು. ಈಗ ಜಾಲರಿ ತಳ ಕೆರೀತದೆ. ಎಲ್ಲೋ ಓಗ್‌ಬೇಕು ಅನ್ನೋ ಅಂಗೆ."

ನೋಟ್‌ಬುಕ್ ತೆರೆದೆ. ಹಿಂದಿನ ವಾರದ ಸೋಮವಾರದ ಸಾಲಿನ ಕೆಳಗೆ ಅವರು ಬರೆದಿದ್ದರು: ಡಾಕ್ಟರ್ ನೋಡಿದರು, ಬಣ್ಣ ಚೆನ್ನಾಗಿದೆ ಎಂದರು. ಆಮೇಲಿನ ಒಂಬತ್ತು ದಿನವೂ 'ತುಂಬ ಖುಷಿ'. ಫೋಟೋ ತೆಗೆದು, ಚೆನ್ನೈನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ನನ್ನ ಕಾಲೇಜಿನ ಸೀನಿಯರ್ ಒಬ್ಬರಿಗೆ ವಾಟ್ಸಾಪ್ ಮಾಡಿದೆ. ಎರಡು ನಿಮಿಷಕ್ಕೆ ಅವರೇ ಫೋನ್ ಮಾಡಿದರು.

"ಹಿಂಗಾಲಿನ ಹಿಮ್ಮಡಿ ನೋಡು. ಮುಳ್ಳಿನ ಥರ ಏನಾದ್ರೂ ಇದ್ಯಾ?"

"ಇಲ್ಲ ಸರ್."

"ಹಂಗಾದ್ರೆ ಹೆಣ್ಣು. ಆ ಚುಕ್ಕೆ ಚೆಂದಕ್ಕೆ ಬಂದಿರೋದಲ್ಲ ಮಾರಾಯ್ತಿ. ಹೊಟ್ಟೇಲಿ ಮೊಟ್ಟೆ ಇದೆ, ಹತ್ರ ಬರ್ಬೇಡಿ ಅಂತ ಬೋರ್ಡ್ ಹಾಕ್ಕೊಂಡಿದೆ. ಗಂಡು ಇಲ್ದೇ ಇದ್ರೂ ಮೊಟ್ಟೆ ಕಟ್ಟುತ್ತೆ ಅವಕ್ಕೆ. ಚುಕ್ಕೆ ಬಂದು ಎಷ್ಟು ದಿನ ಆಯ್ತು?"

ನೋಟ್‌ಬುಕ್ಕಿನಲ್ಲಿ ಹಿಂದಕ್ಕೆ ಎಣಿಸಿದೆ. ಇಷ್ಟು ಕರಾರುವಾಕ್ಕಾದ ದಾಖಲೆ ನನ್ನ ಚಿಕಿತ್ಸಾಲಯದಲ್ಲೂ ಇಲ್ಲ. ಮೂವತ್ತೈದು ದಿನ ಎಂದೆ.

"ಇಷ್ಟೊತ್ತಿಗೆ ಇಟ್ಟು ಮುಗಿಸ್ಬೇಕಿತ್ತು. ಮಣ್ಣು ಇಟ್ಟಿದ್ದಾರಾ? ಆಳವಾಗಿ ತೋಡೋಕೆ?"

ಮೊದಲು ಗಾಜಿನ ತಳ, ಈಗ ಜಾಲರಿ ತಳ. ಎಲ್ಲಿಗೂ ಹೋಗಬೇಕಿರಲಿಲ್ಲ ಅದಕ್ಕೆ. ತೋಡಲು ಒಂದು ಗೇಣು ಮಣ್ಣು ಸಾಕಿತ್ತು. ನಾನು ಮೊದಲ ದಿನವೇ ಹಿಮ್ಮಡಿ ನೋಡಿದ್ದರೆ, ಹೊಟ್ಟೆ ಒತ್ತಿದ್ದರೆ, ಆ ಒಂಬತ್ತು ದಿನ ಉಳಿಯುತ್ತಿತ್ತು. ಫೋನ್ ಇಟ್ಟ ಮೇಲೆ ಇಬ್ಬರಿಗೂ ಮೊಟ್ಟೆಯ ವಿಷಯ ಹೇಳಿದೆ, ಒಂಬತ್ತು ದಿನದ ವಿಷಯ ಹೇಳಲಿಲ್ಲ.

"ಅಯ್ಯೋ, ನಮ್ ಸಾಹೇಬ್ರು ಅಮ್ಮಾವ್ರಾ!" ಎಂದು ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಎಕ್ಸ್‌ರೇಗೆ ಹೆಬ್ಬಾಳದ ಕಡೆ ಒಬ್ಬ ಗೆಳತಿಯ ಚಿಕಿತ್ಸಾಲಯಕ್ಕೆ ಹೋಗಬೇಕಿತ್ತು. ನನ್ನ ಕಾರಿನಲ್ಲೇ ಮೂವರೂ ಹೊರಟೆವು. ಫ್ಲೈಓವರ್ ಹತ್ತುವ ಮೊದಲೇ ಟ್ರಾಫಿಕ್ಕು ನಿಂತಿತು. ಹಿರಿಯರು ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಕುಲುಕಬಾರದೆಂದು. ಅಷ್ಟು ಹೊತ್ತು ಹಾಗೆ ಹಿಡಿದಿದ್ದರೆ ನನಗೆ ಭುಜ ಬಿದ್ದುಹೋಗುತ್ತಿತ್ತು. ಎಕ್ಸ್‌ರೇಯಲ್ಲಿ ಎದೆಯಿಂದ ಬಾಲದ ಬುಡದವರೆಗೆ ಬರೀ ಮೊಟ್ಟೆ, ಜಾಲರಿ ಚೀಲಕ್ಕೆ ತುಂಬಿದ ದ್ರಾಕ್ಷಿಯ ಹಾಗೆ. ನಲವತ್ತು ದಾಟಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಸೀನಿಯರ್ ಹೇಳಿದ ಕ್ರಮ ಹೀಗಿತ್ತು. ದಿನಾ ಸೂಜಿಯಲ್ಲಿ ಚರ್ಮದಡಿ ನೀರು, ಕ್ಯಾಲ್ಸಿಯಂ. ಮೊಣಕೈ ಮುಳುಗುವಷ್ಟು ಆಳದ ಬಕೆಟ್ಟಿನಲ್ಲಿ ತೊಳೆದ ಮರಳು, ಕೆಮ್ಮಣ್ಣು ಬೆರೆಸಿ, ಹಿಂಡಿದರೆ ಉಂಡೆ ಕಟ್ಟುವಷ್ಟು ಹದಕ್ಕೆ ಒದ್ದೆ ಮಾಡಬೇಕು. ಗೂಡಿನ ಮೂರು ಕಡೆ ಬಟ್ಟೆ ಕಟ್ಟಬೇಕು. ಯಾರೂ ನೋಡುತ್ತಿಲ್ಲ ಎನಿಸಿದರೆ ಮಾತ್ರ ಅದು ಮೊಟ್ಟೆ ಇಡುತ್ತದೆ. ಅರ್ಧ ತೋಡಿದಾಗ ಮನುಷ್ಯನನ್ನು ಕಂಡರೆ ಬಿಟ್ಟು ಎದ್ದುಬರುತ್ತದೆ, ಮತ್ತೆ ಹೋಗದೆಯೂ ಇರಬಹುದು. ಆದ್ದರಿಂದ ತೊಂದರೆ ಕೊಡಬೇಡಿ ಎಂದು ಹಿರಿಯರಿಗೆ ಮೂರು ಸಲ ಹೇಳಿದೆ. ಅವರು ಮೂರು ಸಲವೂ ತಲೆಯಾಡಿಸಿದರು. ನಾಳೆ ಬೆಳಿಗ್ಗೆ ನಾನೇ ಬಂದು ವ್ಯವಸ್ಥೆ ನೋಡುತ್ತೇನೆ ಎಂದೆ.

ಮಾರನೇ ದಿನ ಯಲಹಂಕ ನ್ಯೂಟೌನಿನ ಅವರ ಮನೆ ತಲುಪಿದಾಗ ಎಂಟಕ್ಕೆ ಐದು ನಿಮಿಷ. ಹೆಂಡತಿ ಬಾಗಿಲಲ್ಲಿ ರಂಗೋಲಿ ಮುಗಿಸುತ್ತಿದ್ದರು, ಒಳಗೆ ಹೋಗಿ ಎಂದು ಸನ್ನೆ ಮಾಡಿದರು. ನಡುಮನೆಯ ಮೂಲೆಯಲ್ಲಿ ಗೂಡು. ಹಿರಿಯರು ಮಾಡಿದ ಕೆಲಸ ನೋಡಿ ಖುಷಿಯಾಯಿತು: ಜಾಲರಿಯ ಅಂಚಿಗೆಲ್ಲ ಪಟ್ಟಿ ಹೊಡೆದಿದ್ದರು, ದಾಸವಾಳದ ಎಲೆಯ ಮೇಲೆ ಹನಿ ಬೀಳುತ್ತಿತ್ತು, ಬಕೆಟ್ಟು ತುಂಬಿ ಸಿದ್ಧವಾಗಿತ್ತು. ಗೋಸುಂಬೆ ಬಕೆಟ್ಟಿನ ಅಂಚಿನಲ್ಲಿ ಒಂದು ಕಾಲು ಮರಳಿನ ಮೇಲಿಟ್ಟು ನಿಂತಿತ್ತು. ಮೈ ಕಂದು ಹಸಿರು, ಚುಕ್ಕೆಗಳು ಮಸುಕು. ನಾನು ಬಾಗಿಲಿನ ಮರೆಗೆ ಸರಿದು ಉಸಿರು ಬಿಗಿಹಿಡಿದು ನಿಂತೆ.

ಅಷ್ಟರಲ್ಲಿ ಹಿರಿಯರು ಒಳಕೋಣೆಯಿಂದ ಬಂದರು. ಸ್ನಾನ ಮುಗಿಸಿ ವಿಭೂತಿ ಇಟ್ಟಿದ್ದರು. ಒಂದು ಕೈಯಲ್ಲಿ ಬಿಳಿ ಹಾಳೆ, ಕಂಕುಳಲ್ಲಿ ಶೇಡ್ ಕಾರ್ಡು. ನನ್ನನ್ನು ಅವರು ನೋಡಲಿಲ್ಲ. ಗೂಡಿನ ಬಾಗಿಲು ತೆರೆದು ಮೇಲಿನಿಂದ ಕೈ ಇಳಿಸಿದರು. ಕೈ ಕಂಡ ಕ್ಷಣ ಗೋಸುಂಬೆ ಉಬ್ಬಿತು, ಬಾಯಿ ತೆರೆಯಿತು. ಮೈಯೆಲ್ಲ ಕಪ್ಪಾಗಿ, ಯಾರೋ ಸ್ವಿಚ್ ಹಾಕಿದ ಹಾಗೆ ಹಳದಿ ನೀಲಿ ಚುಕ್ಕೆಗಳು ಹೊತ್ತಿಕೊಂಡವು. ಅವರು ಅದನ್ನು ಪೂರ್ವದ ಕಿಟಕಿಯ ಕಟ್ಟೆಗೆ ಒಯ್ದು, ಬಿಳಿ ಹಾಳೆಯ ಮೇಲಿಟ್ಟು, ಪಕ್ಕದಲ್ಲಿ ಕಾರ್ಡು ಹಿಡಿದರು. ಆಗ ನನ್ನನ್ನು ನೋಡಿದರು.

"ಬನ್ನಿ ಮೇಡಂ, ನೋಡಿ. ಇವತ್ತೂ ಬಂತು ಕ್ಯಾನರಿ ಯೆಲ್ಲೋ!"

ನನಗೆ ತಲೆ ಕೆಟ್ಟುಹೋಯಿತು. "ಸಾರ್, ತೊಂದರೆ ಕೊಡಬೇಡಿ ಅಂತ ಎಷ್ಟ್ ಸಲ ಹೇಳಿದ್ದೆ ನಿಮಗೆ!" ಎಂದು ಕೂಗಿಯೇಬಿಟ್ಟೆ. ರಂಗೋಲಿ ಡಬ್ಬಿ ಹಿಡಿದುಕೊಂಡೇ ಹೆಂಡತಿ ಒಳಗೆ ಬಂದರು.

"ಒಂದೇ ನಿಮಿಷ ಮೇಡಂ. ರೀಡಿಂಗು ಅಷ್ಟೇ," ಎಂದರು ಹಿರಿಯರು, ನಿಜವಾಗಿಯೂ ಅರ್ಥವಾಗದೆ. "ತೊಂದರೆ ಕೊಟ್ಟಿಲ್ಲ. ಟ್ಯೂಬ್‌ಲೈಟಲ್ಲಿ ಶೇಡ್ ನೋಡಬಾರದು, ಎರಡು ಬೇರೆ ಬಣ್ಣ ಒಂದೇ ಥರ ಕಾಣುತ್ತೆ. ಅದಕ್ಕೇ ಲಾಟ್‌ಗಟ್ಲೆ ಮಾಲು ವಾಪಸ್ ಬಂದಿದ್ದು ನೋಡಿದೀನಿ ನಾನು. ಹಗಲು ಬೆಳಕು, ಬಿಳಿ ಹಿನ್ನೆಲೆ, ದಿನಾ ಅದೇ ಟೈಮು. ಇಲ್ಲಾಂದ್ರೆ ಅದು ರೀಡಿಂಗೇ ಅಲ್ಲ."

ತಗಡಿಗೆ ಅದು ಸರಿ. ತಗಡಿಗೆ ಕೈ ಕಂಡರೆ ಭಯವಾಗುವುದಿಲ್ಲ. ಆ ಉದ್ದನೆಯ ನೋಟ್‌ಬುಕ್ಕಿನ ಒಂದೊಂದು ಸಾಲೂ, ಶೇಡ್ ಹೆಸರಿನಲ್ಲಿ ಎಳ್ಳಷ್ಟೂ ತಪ್ಪಿಲ್ಲದೆ, ಇವರ ಕೈ ಕಂಡಾಗಿನ ಭಯದ ದಾಖಲೆಯಾಗಿತ್ತು. ದಿನಾ ಎಂಟು ಗಂಟೆಗೆ ಆ ಜೀವ ಸಾಯುವಷ್ಟು ಹೆದರುತ್ತಿತ್ತು, ದಿನಾ ಎಂಟು ಗಂಟೆಗೆ ಇವರು ಅದನ್ನು ಖುಷಿ ಎಂದು ಬರೆಯುತ್ತಿದ್ದರು. ನಾನು ಅದನ್ನು ಓದಿ ಚೆನ್ನಾಗಿದೆ ಎಂದು ರುಜು ಹಾಕಿದ್ದೆ.

ಮೊದಲು ಗೋಸುಂಬೆಯನ್ನು ಗೂಡಿಗೆ ಸೇರಿಸಿ ಬಟ್ಟೆ ಮುಚ್ಚಿದೆವು. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಸಣ್ಣ ದನಿಯಲ್ಲಿ, ಎಲ್ಲವನ್ನೂ ಹೇಳಿದೆ. ನೀಲಿ ಹಳದಿಯ ಅರ್ಥ ಹೇಳಿದೆ, ಕಪ್ಪಿನ ಅರ್ಥ ಹೇಳಿದೆ. ಮೊದಲ ದಿನ ಹಿಮ್ಮಡಿ ನೋಡಲಿಲ್ಲ, ಹೊಟ್ಟೆ ಒತ್ತಿ ನೋಡಲಿಲ್ಲ, ಬಣ್ಣ ಚೆನ್ನಾಗಿದೆ ಎಂದು ತಿಳಿಯದೇ ಬರೆದೆ, ಒಂಬತ್ತು ದಿನ ನನ್ನಿಂದ ಹೋಯಿತು ಎಂದೂ ಹೇಳಿದೆ. ಬೈದರೆ ಬೈಸಿಕೊಳ್ಳಬೇಕು ಎಂದು ತೀರ್ಮಾನಿಸಿಕೊಂಡೇ ಹೇಳಿದೆ.

"ನೀವು ನಾಯಿ ಡಾಕ್ಟ್ರು ಮೇಡಂ. ನಾನು ಬಣ್ಣದೋನು," ಎಂದರು ಹಿರಿಯರು. "ನಂಗೇ ಗೊತ್ತಾಗ್ಬೇಕಿತ್ತು."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಹೆಂಡತಿ ಮೂವರಿಗೂ ಕಾಫಿ ಕೊಟ್ಟರು. ಯಾರೂ ಕುಡಿಯಲಿಲ್ಲ.

ಆಮೇಲಿನ ನಾಲ್ಕು ದಿನ ಆ ಮನೆ ನಡೆದ ರೀತಿಯನ್ನು ನಾನು ಇವತ್ತಿಗೂ ಜನರಿಗೆ ಹೇಳುತ್ತಿರುತ್ತೇನೆ. ನೋಟ್‌ಬುಕ್ಕು ಬೀರುವಿಗೆ ಹೋಯಿತು. ಟಿ.ವಿ. ಹಾಕಲಿಲ್ಲ. ಮಿಕ್ಸಿ ಹಾಕಲಿಲ್ಲ, ಹೆಂಡತಿ ಚಟ್ನಿಯನ್ನು ಹಿತ್ತಲಿನಲ್ಲಿ ಕಲ್ಲಿನ ಮೇಲೆ ಅರೆದರು. ನಡುಮನೆಯ ಮೂಲಕ ಹಾದುಹೋಗಬಾರದೆಂದು ಇಬ್ಬರೂ ಮನೆ ಸುತ್ತಿಬಂದು ಹಿಂಬಾಗಿಲಿನಿಂದ ಓಡಾಡಿದರು. ಬೆಳಿಗ್ಗೆ ನಾನು ಹೋಗಿ ಒಂದೇ ಸಲಕ್ಕೆ, ಕೆಳಗಿನಿಂದ ಕೈ ಕೊಟ್ಟು, ಸೂಜಿಯ ಕೆಲಸ ಮುಗಿಸಿ ಬರುತ್ತಿದ್ದೆ. ಸಂಜೆ ಹಿರಿಯರ ಫೋನು ಬರುತ್ತಿತ್ತು.

"ಬಣ್ಣ ನೋಡಿಲ್ಲ ಮೇಡಂ," ಎಂದು ಶುರುಮಾಡುತ್ತಿದ್ದರು. "ಮರಳಿನ ಸದ್ದು ಕೇಳಿಸ್ತಾ ಅಂತ ಗೋಡೆಗೆ ಕಿವಿ ಇಟ್ಟಿದ್ದೆ. ಸ್ವಲ್ಪ ಕೇಳಿಸ್ತು."

ಎರಡನೇ ದಿನ ಮರಳಿನಲ್ಲಿ ಒಂದು ಅಂಗೈ ಆಳದ ಗುಂಡಿ ಕಂಡಿತು. ನನಗೆ ಕುಣಿಯುವಷ್ಟು ಖುಷಿ. ಮೂರನೇ ದಿನ ಗುಂಡಿ ಅಷ್ಟೇ ಇತ್ತು. ತೋಡಲು ಮನಸ್ಸಿತ್ತು, ಮುಂಗಾಲಿಗೆ ಶಕ್ತಿ ಇರಲಿಲ್ಲ. ಅವತ್ತು ಸೀನಿಯರ್ ಹೇಳಿದಂತೆ ಹೆರಿಗೆ ನೋವು ಬರಿಸುವ ಇಂಜೆಕ್ಷನ್ ಕೊಟ್ಟೆ. ಮಧ್ಯಾಹ್ನದೊಳಗೆ ಎರಡು ಮೊಟ್ಟೆ ಬಿದ್ದವು, ಮೆತ್ತಗೆ, ಹಳದಿಗಟ್ಟಿದವು. ಆಮೇಲೆ ಏನೂ ಇಲ್ಲ. ನಾಲ್ಕನೇ ದಿನ ಹಗಲಿನಲ್ಲೇ ಕಣ್ಣು ಮುಚ್ಚಿಕೊಂಡು ಬಕೆಟ್ಟಿನ ಪಕ್ಕ ಬಿದ್ದಿತ್ತು. ಹಗಲಿನಲ್ಲಿ ಕಣ್ಣು ಮುಚ್ಚಿದ ಗೋಸುಂಬೆ ನಿದ್ದೆ ಮಾಡುತ್ತಿರುವುದಿಲ್ಲ.

ಉಳಿದದ್ದು ಆಪರೇಷನ್. ಚೆನ್ನೈಗೆ ಒಯ್ದರೆ ಸೀನಿಯರ್ ಬಳಿ ಉಸಿರಿನ ಮೂಲಕ ಅರಿವಳಿಕೆ ಕೊಡುವ ಯಂತ್ರವಿದೆ, ಆದರೆ ಆ ಸ್ಥಿತಿಯಲ್ಲಿ ಅದು ಹೊಸೂರು ದಾಟುವುದೂ ಅನುಮಾನ. ನನ್ನ ಬಳಿ ಇದ್ದದ್ದು ಸೂಜಿಯಲ್ಲಿ ಕೊಡುವ ಅರಿವಳಿಕೆ ಮಾತ್ರ. ನಾನು ಆ ಜಾತಿಯ ಹೊಟ್ಟೆಯನ್ನು ಯಾವತ್ತೂ ತೆರೆದವಳಲ್ಲ.

"ನಾನಾಗಿದ್ರೆ ಮುಟ್ತಿರ್ಲಿಲ್ಲ," ಎಂದರು ಸೀನಿಯರ್. "ಟೇಬಲ್ ಮೇಲೇ ಹೋಗುತ್ತೆ. ನೋವು ತಿಂದು ಹೋಗುತ್ತೆ."

ಆದರೂ ಸಲಕರಣೆಗಳನ್ನು ಕುದಿಸಲು ಇಟ್ಟೆ. ಸಣ್ಣ ಕತ್ತರಿ, ಕಣ್ಣಿನ ಆಪರೇಷನ್ನಿಗೆ ಬಳಸುವ ತೆಳು ದಾರ, ಎಲ್ಲ ಜೋಡಿಸಿದೆ. ನೀರು ಕುದಿಯುತ್ತಿದ್ದಾಗ ಒಂದು ಪ್ರಶ್ನೆ ಎದ್ದಿತು: ಇದು ಯಾರಿಗಾಗಿ? ಅದು ಬದುಕುವುದಿಲ್ಲ ಎಂದು ನನಗೆ ಗೊತ್ತು. ಕೊನೆಯವರೆಗೂ ಪ್ರಯತ್ನಪಟ್ಟೆ ಎಂದು ಹೇಳಿಕೊಳ್ಳಲು ನನಗೊಂದು ಆಪರೇಷನ್ ಬೇಕಿತ್ತು. ನನ್ನ ಒಂಬತ್ತು ದಿನವನ್ನು ತೊಳೆದುಕೊಳ್ಳಲು ಅದರ ಹೊಟ್ಟೆ ಸೀಳಬೇಕಿತ್ತು. ನನ್ನ ಮೇಲೇ ಅಸಹ್ಯ ಬಂತು. ಒಲೆ ಆರಿಸಿ ಅವರ ಮನೆಗೆ ಹೋದೆ.

ಹಿರಿಯರಿಗೆ ಸುತ್ತಿ ಬಳಸಿ ಹೇಳಲಿಲ್ಲ. ಉಳಿಯುವುದಿಲ್ಲ ಸಾರ್, ಇನ್ನು ಎರಡು ದಿನ ನರಳಬಹುದು, ಬೇಡವೆಂದರೆ ನಾಳೆ ಬೆಳಿಗ್ಗೆ ನೋವಿಲ್ಲದ ಹಾಗೆ ಕಳಿಸಿಕೊಡುತ್ತೇನೆ ಎಂದೆ. ಅವರು ಹೆಂಡತಿಯ ಕಡೆ ನೋಡಿದರು.

"ನರಳಿಸ್ಬೇಡಿ," ಎಂದರು ಆಕೆ. "ನಾಲ್ಕ್ ಮಕ್ಳ ಎತ್ತೋಳು ನಾನು. ಒರಕ್ಕೆ ಬರ್ದೇ ಇದ್ರೆ ಎಂಗಿರ್ತದೆ ಅಂತ ಇವ್ರಿಗೇನು ಗೊತ್ತು."

ಮರುದಿನ ಎಂಟಕ್ಕೆ ಬೇಡ, ಹತ್ತಕ್ಕೆ ಬನ್ನಿ ಎಂದು ಹಿರಿಯರೇ ಹೇಳಿದರು. ಹತ್ತಕ್ಕೆ ಹೋದೆ. ಗೂಡಿನ ಬಟ್ಟೆ ತೆಗೆದಿದ್ದರು. ಅದನ್ನು ಎತ್ತಲಿಲ್ಲ, ಕಿಟಕಿಗೆ ಒಯ್ಯಲಿಲ್ಲ. ಬಕೆಟ್ಟಿನ ಪಕ್ಕದಲ್ಲಿ ಬಿದ್ದಿದ್ದ ಕಡೆಯೇ, ತೊಡೆಯ ಸ್ನಾಯುವಿಗೆ ಮೊದಲ ಸೂಜಿ ಕೊಟ್ಟೆ. ಇದು ಮತ್ತು ಬರಿಸುವುದು ಮಾತ್ರ. ಪೂರ್ತಿ ಮಲಗಿದ ಮೇಲೆ, ಉಸಿರು ನಿಲ್ಲಿಸುವ ಎರಡನೆಯದು. ಸೂಜಿ ಚುಚ್ಚಿದಾಗ ಅದಕ್ಕೆ ಬಾಯಿ ತೆರೆಯುವ ಶಕ್ತಿಯೂ ಇರಲಿಲ್ಲ, ಬಣ್ಣ ಮಾತ್ರ ಕಪ್ಪಗೆ ಹಾಗೇ ಇತ್ತು. ನಾನು ನೆಲದ ಮೇಲೆ ಕೂತೆ. ಹೆಂಡತಿ ನನ್ನ ಪಕ್ಕ ಕೂತರು. ಹಿರಿಯರು ಅಷ್ಟು ದೂರದಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ಐದಾರು ನಿಮಿಷಕ್ಕೆ ಕುತ್ತಿಗೆಯ ಹತ್ತಿರ ಕಪ್ಪು ತೆಳುವಾಯಿತು. ಹಳದಿ ಕರಗಿತು, ನೀಲಿ ಕರಗಿತು. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಪಕ್ಕೆಗೆ ಒಂದೇ ಸಮನಾದ ಎಲೆ ಹಸಿರು ಹರಡಿತು. ಚುಕ್ಕೆಯಿಲ್ಲ, ಪಟ್ಟೆಯಿಲ್ಲ. ಬಾಲದ ಸುರುಳಿ ಸಡಿಲವಾಯಿತು. ಅದನ್ನು ನೋಡಿದ ಮೊದಲ ದಿನದಿಂದ ನಾನು ಆ ಬಣ್ಣವನ್ನು ಅದರ ಮೈಮೇಲೆ ಕಂಡಿರಲಿಲ್ಲ.

"ಗ್ರಾಸ್ ಗ್ರೀನ್," ಎಂದರು ಹಿರಿಯರು, ಕಾರ್ಡು ನೋಡದೆ.

ಅವರು ಒಳಗೆ ಹೋದರು. ಬೀರು ತೆರೆದ ಸದ್ದಾಯಿತು. ನೋಟ್‌ಬುಕ್ಕು ಹಿಡಿದುಕೊಂಡು ಬಂದು, ಬರೆಯಲಿಲ್ಲ, ಮೊದಲ ಹಾಳೆ ತೆರೆದು ನನ್ನ ಮುಂದೆ ಹಿಡಿದರು. ನಾನು ನೋಡಿದ್ದೆಲ್ಲ ಕೊನೆಯ ಹಾಳೆಗಳು. ಶುರುವಿನವನ್ನು ತಿರುವಿಯೇ ಇರಲಿಲ್ಲ. ಗೋಸುಂಬೆ ಮನೆಗೆ ಬಂದ ಹೊಸತು. ಆಗ ಅವರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮುಟ್ಟದೆ ನೋಡಿ ಬರೆಯುತ್ತಿದ್ದರಂತೆ. ಸಾಲಾಗಿ ಒಂದೇ ಮಾತು. ಗ್ರಾಸ್ ಗ್ರೀನ್, ಮನಸ್ಥಿತಿ ಮಂಕು. ಗ್ರಾಸ್ ಗ್ರೀನ್, ಮಂಕು. ಗ್ರಾಸ್ ಗ್ರೀನ್, ತುಂಬ ಮಂಕು. ಅದರ ಕೆಳಗೆ: ಇಲ್ಲಿ ಬೆಳಕು ಸರಿಯಿಲ್ಲ, ನಾಳೆಯಿಂದ ಕಿಟಕಿಯ ಬಳಿ ತಂದು ನೋಡುವುದು.

"ಈ ಬಣ್ಣ ಯಾವಾಗ ಬರುತ್ತೆ ಮೇಡಂ ಅದಕ್ಕೆ?" ಎಂದು ಕೇಳಿದರು.

ಇದು ಮತ್ತಿನ ಔಷಧಿಯಿಂದ ಬಂದ ಬಣ್ಣ ಎಂದುಬಿಡಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವರು ಕೇಳಿದ್ದು ಇವತ್ತಿನ ಬಣ್ಣದ ಬಗ್ಗೆ ಅಲ್ಲ, ಹಾಳೆಯ ಮೇಲಿದ್ದ ಬಣ್ಣದ ಬಗ್ಗೆ. ಮತ್ತೊಮ್ಮೆ ತಪ್ಪು ಬರೆದುಕೊಡಲು ನನಗೆ ಮನಸ್ಸಾಗಲಿಲ್ಲ.

"ಏನೂ ಭಯ ಇಲ್ಲದಿದ್ದಾಗ ಸಾರ್. ಆರಾಮಾಗಿ ಇದ್ದಾಗ."

ಅವರು ಹಾಳೆಯ ಮೇಲೆ ಬೆರಳಿಟ್ಟು ಸಾಲುಗಳನ್ನು ಮೇಲಿನಿಂದ ಕೆಳಗೆ ಎಣಿಸಿದರು.

"ಹನ್ನೊಂದು ದಿನ," ಎಂದರು. "ಹನ್ನೊಂದು ದಿನ ಚೆನ್ನಾಗಿತ್ತು ಹಂಗಾದ್ರೆ ನಮ್ಮನೇಲಿ."

"ಚೆನ್ನಾಗಿತ್ತು ಸಾರ್," ಎಂದು ಎರಡನೇ ಸಿರಿಂಜು ಕೈಗೆತ್ತಿಕೊಂಡೆ.